ಕೈಯಿಂದ ಹೋದರೆ ಹೊಣೆಯೂ ಹೋಯಿತೇ?

ತನ್ನ ಕೈಯಲ್ಲಿರುವ ವಸ್ತುವಿಗೆ ತಾನು ಹೊಣೆಗಾರನೆಂಬುದನ್ನು ಒಪ್ಪದವರು ವಿರಳ. ಆದರೆ ಆ ವಸ್ತು ಕೈದಾಟಿ ಇನ್ನೊಬ್ಬನನ್ನು ಸೇರಿದ ಬಳಿಕ? ಮಾರಿದೆ, ಹಣ ಎಣಿಸಿಕೊಂಡೆ, ರಶೀದಿ ಕೊಟ್ಟೆ. ಲಾರಿಗೆ ಹೇರಿದೆ, ಬಾಡಿಗೆ ಕೊಟ್ಟೆ. ಇನ್ನು ನನಗೂ ಅದಕ್ಕೂ ಏನು ಸಂಬಂಧ? ನಮ್ಮ ದಿನನಿತ್ಯದ ವ್ಯವಹಾರವೆಲ್ಲ ಈ ತಿಳುವಳಿಕೆಯ ಮೇಲೆಯೇ ನಡೆಯುತ್ತದೆ. ಅಕ್ಕಿ, ಬಟ್ಟೆ, ಹೆಂಚುಗಳ ಮಟ್ಟಿಗೆ ಅದರಿಂದ ದೊಡ್ಡ ಕೇಡೇನೂ ಆಗದಿರಬಹುದು. ಆದರೆ ಕೈದಾಟುವ ವಸ್ತು ವಿಷವಾಗಿದ್ದರೆ, ಬೆಂಕಿಯಾಗಿದ್ದರೆ, ಕಣ್ಣಿಗೆ ಕಾಣದ ವಿಕಿರಣವಾಗಿದ್ದರೆ ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ.

2010ರಲ್ಲಿ ದೆಹಲಿಯಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ದೆಹಲಿ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಗಾಮಾ ಕಿರಣಗಳ ಪ್ರಯೋಗಕ್ಕಾಗಿ ಕೆನಡಾದಿಂದ ತರಿಸಿದ ಒಂದು ಯಂತ್ರವಿತ್ತು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ವಸ್ತು; ಅದರ ಸುತ್ತ ಸೀಸದ ದಪ್ಪ ಕವಚ. 1985ರಿಂದ ಆ ಯಂತ್ರವನ್ನು ಯಾರೂ ಬಳಸಿರಲಿಲ್ಲ. 25 ವರ್ಷಗಳ ಕಾಲ ಅದು ಒಂದು ಮೂಲೆಯಲ್ಲಿತ್ತು. 2010ರ ಫೆಬ್ರವರಿಯಲ್ಲಿ ಬೇಡದ ಸಾಮಾನುಗಳ ಹರಾಜಿನಲ್ಲಿ ಅದೂ ಮಾರಾಟವಾಗಿ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಹೋಯಿತು. ಅಲ್ಲಿಯ ಕೆಲಸಗಾರರು ಸೀಸದಾಸೆಗೆ ಅದನ್ನು ಕತ್ತರಿಸಿ ಬಿಚ್ಚಿದರು. ಒಳಗಿನ ಹೊಳೆಯುವ ಲೋಹದ ತುಂಡುಗಳು ಕೈಯಿಂದ ಕೈಗೆ ಹೋದವು. ಒಬ್ಬನಂತೂ ಒಂದು ತುಂಡನ್ನು ತನ್ನ ಕಿಸೆಯ ಪರ್ಸಿನಲ್ಲಿಟ್ಟುಕೊಂಡು ತಿರುಗಾಡಿದ್ದ. ಎಪ್ರಿಲ್ ತಿಂಗಳಲ್ಲಿ ಚರ್ಮ ಸುಟ್ಟವರು, ಕೂದಲು ಉದುರಿದವರು ಆಸ್ಪತ್ರೆ ಸೇರತೊಡಗಿದರು. ಎಪ್ರಿಲ್ 26ರಂದು ಒಬ್ಬ ಕೆಲಸಗಾರ ತೀರಿಹೋದ. ಅಣುಶಕ್ತಿ ನಿಯಂತ್ರಣ ಮಂಡಳಿಯವರು ಜಾಡು ಹಿಡಿದು ಹೋದಾಗ ಅದು ಬಂದು ನಿಂತದ್ದು ದೇಶದ ಹೆಸರಾಂತ ವಿದ್ಯಾಕೇಂದ್ರದ ಬಾಗಿಲಲ್ಲಿ. ಅಲ್ಲಿನ ಕುಲಪತಿಗಳು ನೈತಿಕ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡರು. ಆದರೆ ಸತ್ತವನ ಮನೆಗೆ ದುಡಿದು ತರುವ ಕೈ ಮರಳಿ ಬರಲಿಲ್ಲ.

ಗುಜರಿ ವ್ಯಾಪಾರವೆಂದರೆ ನಮಗೆ ಪರಕೀಯವೇನಲ್ಲ. ಕರಾವಳಿಯ ಎಷ್ಟೋ ಬ್ಯಾರಿ ಮನೆಗಳ ಒಲೆ ಉರಿಯುವುದು ಅದರಿಂದಲೇ. ಆದ್ದರಿಂದ ಮಾಯಾಪುರಿಯ ಆ ಕೆಲಸಗಾರನನ್ನು ದೂರದವನೆಂದು ತಿಳಿಯುವುದು ತಪ್ಪು. ಅವನು ನಮ್ಮ ಅಣ್ಣನಾಗಿರಬಹುದಿತ್ತು, ಮಗನಾಗಿರಬಹುದಿತ್ತು.

ತಿಳಿದವನ ಮೌನ

ಯಂತ್ರವನ್ನು ಮಾರಿದವರು ಕೊಲೆಗಾರರಲ್ಲ. ಯಾರನ್ನೂ ಕೊಲ್ಲಬೇಕೆಂಬ ಉದ್ದೇಶ ಅವರಿಗಿರಲಿಲ್ಲ. ಕೊಂಡವನೂ ಸ್ವಇಚ್ಛೆಯಿಂದಲೇ ಕೊಂಡ. ಕತ್ತರಿಸಿದವರು ತಮ್ಮ ಕೈಯಿಂದಲೇ ಕತ್ತರಿಸಿದರು. ಹಾಗಾದರೆ ಹೊಣೆ ಯಾರದು?

ನಮ್ಮ ಕರಾವಳಿಯ ಬಹುಪಾಲು ಮುಸ್ಲಿಮರು ಅನುಸರಿಸುವ ಶಾಫಿಈ ಮದ್‌ಹಬಿನ ಕರ್ಮಶಾಸ್ತ್ರ ಗ್ರಂಥಗಳಲ್ಲಿ ಒಂದು ಮಸ್ಅಲ ಇದೆ. ಇಮಾಮ್ ನವವೀ(ರ)ರವರ ಮಿನ್ಹಾಜ್ ಓದಿದವರಿಗೆಲ್ಲ ಅದು ಪರಿಚಿತ. ಒಬ್ಬನು ವಿಷ ಬೆರೆತ ಆಹಾರವನ್ನು ಅತಿಥಿಯ ಮುಂದಿಡುತ್ತಾನೆ. ಅತಿಥಿ ಪ್ರಾಯಕ್ಕೆ ಬಂದವನು, ಬುದ್ಧಿಯುಳ್ಳವನು. ಆದರೆ ವಿಷವಿರುವ ಸಂಗತಿ ಅವನಿಗೆ ತಿಳಿಯದು. ಅವನು ತನ್ನ ಕೈಯಿಂದಲೇ ಉಂಡು ಸಾಯುತ್ತಾನೆ. ಅಲ್ಲಿ ಬಡಿಸಿದವನು ಪ್ರಾಣಪರಿಹಾರ ತೆರಬೇಕೆಂಬುದು ತೀರ್ಪು. ಉಂಡವನಿಗೆ ವಿಷದ ವಿಷಯ ತಿಳಿದಿದ್ದರೆ ಮಾತು ಬೇರೆಯಾಗುತ್ತಿತ್ತು. ಎರಡೂ ಸಂದರ್ಭಗಳಲ್ಲಿ ಉಂಡ ಕೈ ಒಂದೇ, ಬಟ್ಟಲು ಒಂದೇ. ತೀರ್ಪನ್ನು ಬದಲಿಸಿದ್ದು ತಿಳುವಳಿಕೆ ಎಲ್ಲಿತ್ತೆಂಬ ಒಂದೇ ಒಂದು ಸಂಗತಿ. ವಸ್ತು ಕೈದಾಟಿದ ಮಾತ್ರಕ್ಕೆ ಹೊಣೆ ದಾಟುವುದಿಲ್ಲ. ವಸ್ತುವಿನ ಜತೆಗೆ ಅದರ ತಿಳುವಳಿಕೆಯೂ ದಾಟಿದಾಗಲೇ ಹೊಣೆ ದಾಟುತ್ತದೆ ಎಂಬ ಪಾಠ ನಮಗಿಲ್ಲಿ ದೊರೆಯುತ್ತದೆ.

ಹರಾಜುಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಇದ್ದುದನ್ನು ಇದ್ದ ಹಾಗೆಯೇ ಕೊಳ್ಳಬೇಕು, ಆಮೇಲೆ ತಕರಾರು ಸಲ್ಲದು. ಇದರಿಂದ ಮಾರುವವನು ಪಾರಾಗುವನೇ? ಇದಕ್ಕೂ ಅದೇ ಗ್ರಂಥದಲ್ಲಿ ಉತ್ತರವಿದೆ. ಯಾವ ದೋಷಕ್ಕೂ ನಾನು ಹೊಣೆಯಲ್ಲವೆಂಬ ಷರತ್ತಿನಿಂದ ಮಾರಿದವನು ಪ್ರಾಣಿಯ ಒಳಗಿರುವ, ಸ್ವತಃ ತನಗೂ ತಿಳಿಯದ ದೋಷದಿಂದ ಮಾತ್ರ ಮುಕ್ತನಾಗುತ್ತಾನೆ. ಉಳಿದವುಗಳಿಂದಲ್ಲ ಎಂಬುದೇ ಅಲ್ಲಿ ಪ್ರಬಲವೆಂದು ಎಣಿಸಲಾದ ಅಭಿಪ್ರಾಯ. ಬಾಯಿಮಾತಿನ ಒಂದು ಷರತ್ತು ತಿಳಿದವನ ಕೊರಳಿನಿಂದ ಭಾರವನ್ನು ಇಳಿಸುವುದಿಲ್ಲ.

ಇಮಾಮ್ ಅಹ್ಮದ್(ರ)ರವರ ಮುಸ್ನದ್‌ನಲ್ಲಿ ಬಂದಿರುವ ಒಂದು ಘಟನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಬ್ಬರು ಹಝ್ರತ್ ವಾಸಿಲಃ(ರ)ರವರ ಮನೆಯಿಂದ ಒಂದು ಹೆಣ್ಣೊಂಟೆಯನ್ನು ಕೊಂಡು ಹೊರಟಿದ್ದರು. ವಾಸಿಲಃ(ರ) ಉಡುಪನ್ನು ಎಳೆದುಕೊಳ್ಳುತ್ತಾ ಹಿಂದೆಯೇ ಓಡಿಬಂದು, ಇದರ ದೋಷವನ್ನು ನಿಮಗೆ ತಿಳಿಸಿದ್ದಾರೆಯೇ ಎಂದು ವಿಚಾರಿಸಿದರು. ನೋಡಲು ಅದು ಕೊಬ್ಬಿದ, ಗಟ್ಟಿಮುಟ್ಟಾದ ಒಂಟೆ. ಮಾಂಸಕ್ಕೋ, ಪ್ರಯಾಣಕ್ಕೋ ಎಂದು ಕೇಳಿದಾಗ ಹಜ್ಜ್ ಯಾತ್ರೆಗೆಂದು ಉತ್ತರ ಬಂತು. ಹಾಗಾದರೆ ಅದರ ಪಾದದಲ್ಲಿ ತೂತಿದೆ, ದೂರ ನಡೆಯಲಾರದು ಎಂದು ತಿಳಿಸಿಬಿಟ್ಟರು. ನನ್ನ ವ್ಯಾಪಾರ ಕೆಡಿಸುತ್ತೀರಲ್ಲ ಎಂದು ಮಾರಿದವನು ಆಕ್ಷೇಪಿಸಿದ. ಅದಕ್ಕೆ ವಾಸಿಲಃ(ರ) ಪ್ರವಾದಿವರ್ಯ(ಸ)ರಿಂದ ತಾವು ಕೇಳಿದ್ದನ್ನು ಮುಂದಿಟ್ಟರು: ವಸ್ತುವಿನಲ್ಲಿರುವ ದೋಷವನ್ನು ತಿಳಿಸದೆ ಮಾರುವುದು ಮಾರುವವನಿಗೆ ಧರ್ಮಸಮ್ಮತವಲ್ಲ, ಆ ದೋಷವನ್ನು ಬಲ್ಲ ಇನ್ನೊಬ್ಬನಿಗೂ ತಿಳಿಸದೆ ಸುಮ್ಮನಿರುವುದು ಧರ್ಮಸಮ್ಮತವಲ್ಲ.

ಈ ಎರಡನೆಯ ಭಾಗವನ್ನು ನಾವು ಓದಿ ಮುಂದೆ ಹೋಗಿಬಿಡುತ್ತೇವೆ. ಮಾರುವವನಲ್ಲ, ಕೊಳ್ಳುವವನಲ್ಲ, ಸಾಗಿಸುವವನೂ ಅಲ್ಲ. ದಾರಿಯಲ್ಲಿ ನಿಂತು ನೋಡಿದವನು. ಅವನಿಗೆ ತಿಳಿದಿತ್ತು. ಅಷ್ಟರಿಂದಲೇ ಅವನೂ ಹೊಣೆಗಾರರ ಸಾಲಿನಲ್ಲಿ ಸೇರಿಹೋದ.

ನನ್ನದೇ ಒಂದು ಲೆಕ್ಕ

ಈ ಮಾತನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ. ಕೆಲವು ವರ್ಷಗಳ ಹಿಂದೆ ನಾನು ಕಲಿಸುತ್ತಿದ್ದ ಮದ್ರಸದಲ್ಲಿ ಒಂದು ದಿನ ಬೆಳಿಗ್ಗೆ ಪಾಠದ ನಡುವೆ ಮೂಗಿಗೆ ಚುಚ್ಚುವ ವಾಸನೆ ಬಂತು. ವಿಚಾರಿಸಿದಾಗ ಒಬ್ಬ ಹುಡುಗ ಕಿತಾಬಿನ ಚೀಲದಿಂದ ಒಂದು ತಂಪು ಪಾನೀಯದ ಹಳೆಯ ಬಾಟಲಿಯನ್ನು ತೆಗೆದು ತೋರಿಸಿದ.

"ರಬ್ಬರಿನ ಆಸಿಡ್, ಉಸ್ತಾದ್. ಮಾಮನ ಮನೆಗೆ ಕೊಡ್ಲಿಕ್ಕೆ ಉಪ್ಪ ಕೊಟ್ಟದ್ದು."

ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಸಿಡ್ ನಮ್ಮ ತಾಲೂಕಿನ ಬೆಳೆಗಾರರಿಗೆಲ್ಲ ಗೊತ್ತು. ನೋಡಲು ನೀರಿನಂತೆಯೇ ಇರುತ್ತದೆ. ಚರ್ಮಕ್ಕೆ ತಾಗಿದರೆ ಸುಡುತ್ತದೆ. ಅದನ್ನು ಜಗಲಿಯ ಮೂಲೆಯಲ್ಲಿಡು, ಹೋಗುವಾಗ ಕೊಂಡುಹೋಗು ಎಂದಷ್ಟೇ ಹೇಳಿ ನಾನು ಪಾಠ ಮುಂದುವರಿಸಿದೆ. ಹುಡುಗ ಬಾಟಲಿಯನ್ನು ಒಯ್ದ. ಮಾಮನ ಮನೆಯಲ್ಲಿ ಆಗ ದೊಡ್ಡವರು ಯಾರೂ ಇರಲಿಲ್ಲ. ಅಡುಗೆಮನೆಯ ಮೆಟ್ಟಿಲ ಮೇಲಿಟ್ಟು ಶಾಲೆಗೆ ಓಡಿದ. ಬಾಯಾರಿ ಬಂದ ಆ ಮನೆಯ ಪುಟ್ಟ ಹುಡುಗಿ ಮುಚ್ಚಳ ತೆಗೆದು ಒಂದು ಗುಟುಕು ಬಾಯಿಗೆ ಹಾಕಿದಳು.

ಅಲ್ಹಮ್ದುಲಿಲ್ಲಾಹ್, ಮಗು ಉಗುಳಿದ್ದರಿಂದ ಬದುಕಿತು. ಆದರೆ ತುಟಿ, ನಾಲಗೆ ಸುಟ್ಟು ಅನೇಕ ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಆಮೇಲೆ ಮನೆಯವರೊಳಗೆ ಮಾತು ಬೆಳೆಯಿತು. ಮಗನಿಗೆ ಹೇಳಿಯೇ ಕೊಟ್ಟಿದ್ದೆನೆಂದು ತಂದೆ. ಹೇಳಿದ ಮನೆಗೆ ತಲುಪಿಸಿದೆನೆಂದು ಮಗ. ಅದು ಬರುವುದೇ ನನಗೆ ತಿಳಿದಿರಲಿಲ್ಲವೆಂದು ಮಾಮ. ಯಾರೊಬ್ಬರೂ ಸುಳ್ಳು ಹೇಳಲಿಲ್ಲ. ಎಲ್ಲರ ಮಾತೂ ಸತ್ಯ. ಸುಟ್ಟದ್ದು ಮಾತ್ರ ಮಗುವಿನ ಬಾಯಿ.

ನನ್ನನ್ನು ಯಾರೂ ಕೇಳಲಿಲ್ಲ. ಬಾಟಲಿಯೊಳಗೆ ಏನಿದೆ, ಅದನ್ನು ಹೊತ್ತವನು ಎಷ್ಟು ಪ್ರಾಯದವನು ಎಂಬ ಎರಡನ್ನೂ ಕಣ್ಣಾರೆ ಕಂಡಿದ್ದ ದೊಡ್ಡವನು ಆ ದಾರಿಯಲ್ಲಿ ನಾನೊಬ್ಬನೇ ಇದ್ದೆ. ಒಂದು ತುಂಡು ಕಾಗದದಲ್ಲಿ ಬರೆದು ಅಂಟಿಸಲು, ಅಥವಾ ಬಾಟಲಿಯನ್ನು ನನ್ನಲ್ಲಿಟ್ಟುಕೊಂಡು ತಂದೆಗೆ ಹೇಳಿಕಳುಹಿಸಲು ಐದು ನಿಮಿಷ ಸಾಕಿತ್ತು. ವಾಸಿಲಃ(ರ) ಉಡುಪು ಎಳೆದುಕೊಂಡು ಓಡಿದರು. ನಾನು ಕುಳಿತಲ್ಲಿಂದ ಏಳಲಿಲ್ಲ. ಜನರು ಕೇಳದ ಪ್ರಶ್ನೆಯನ್ನು ಅಲ್ಲಾಹನು ಕೇಳದೆ ಬಿಡುವನೇ?

ಬಾಣದ ಮೊನೆ ಹಿಡಿದು ನಡೆಯುವುದು

ಅಪಾಯದ ವಸ್ತುವನ್ನು ಸಾಗಿಸುವ ಶಿಸ್ತು ಇಂದಿನ ಸರಕಾರಗಳು ಹೊಸದಾಗಿ ಕಂಡುಹಿಡಿದದ್ದೆಂದು ಕೆಲವರು ತಿಳಿದಿರಬಹುದು. ಮಸೀದಿಯಲ್ಲಾಗಲಿ ಮಾರುಕಟ್ಟೆಯಲ್ಲಾಗಲಿ ಬಾಣಗಳನ್ನು ಹಿಡಿದು ಹೋಗುವವನು ಅವುಗಳ ಮೊನೆಯನ್ನು ತನ್ನ ಕೈಯಲ್ಲಿ ಹಿಡಿದುಕೊಳ್ಳಬೇಕು, ಯಾರಿಗೂ ಅದು ತಾಗಬಾರದು ಎಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದು ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಒರೆಯಿಂದ ಹಿರಿದ ಖಡ್ಗವನ್ನು ಕೈಯಿಂದ ಕೈಗೆ ಕೊಡಬಾರದೆಂದು ತಡೆದದ್ದು ಅಬೂದಾವೂದ್, ತಿರ್ಮಿದಿಗಳಲ್ಲಿದೆ. ಗಮನಿಸಿ: ಬಾಣ ಒಯ್ಯಬೇಡಿರೆಂದು ಹೇಳಲಿಲ್ಲ. ಖಡ್ಗವನ್ನು ಕೊಡಬೇಡಿರೆಂದೂ ಹೇಳಲಿಲ್ಲ. ಮೊನೆ ಒಯ್ಯುವವನ ಕಡೆಗಿರಲಿ, ದಾರಿಹೋಕನ ಕಡೆಗಲ್ಲ. ಕೊಡುವಾಗ ಅದು ಒರೆಯೊಳಗಿರಲಿ. ಅಪಾಯದ ಭಾರವನ್ನು ಮೊದಲು ಹೊರಬೇಕಾದವನು ಅದನ್ನು ಹೊತ್ತು ತಂದವನೇ.

ಇಂದಿನ ನಿಯಮಗಳನ್ನು ತೆರೆದು ನೋಡಿದರೆ ಅಲ್ಲಿಯೂ ಇದೇ ತತ್ವ ಕಾಣುತ್ತದೆ. ವಿಶ್ವಸಂಸ್ಥೆಯು ಅಪಾಯಕಾರಿ ವಸ್ತುಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿದೆ. ಸ್ಫೋಟಕ, ಅನಿಲ, ಬೇಗ ಹೊತ್ತಿಕೊಳ್ಳುವ ದ್ರವ ಇವುಗಳಿಂದ ತೊಡಗಿ ಆರನೆಯದು ವಿಷ ಮತ್ತು ರೋಗಾಣು, ಏಳನೆಯದು ವಿಕಿರಣ ವಸ್ತು, ಎಂಟನೆಯದು ಸುಡುವ ಆಮ್ಲಗಳು. ಪ್ರಯೋಗಾಲಯದಿಂದ ರೋಗಾಣುವಿನ ಮಾದರಿಯನ್ನು ಕಳುಹಿಸುವಾಗ ಮೂರು ಪದರಗಳಿರಬೇಕು: ಸೋರದ ಒಳಪಾತ್ರೆ, ಒಡೆದರೆ ಹೀರಿಕೊಳ್ಳುವ ವಸ್ತುವಿನೊಡನೆ ಅದನ್ನು ಸುತ್ತುವ ಎರಡನೆಯ ಪಾತ್ರೆ, ಮೇಲೆ ಗಟ್ಟಿಯಾದ ಪೆಟ್ಟಿಗೆ. ಕೋಬಾಲ್ಟ್‌ನಂತಹ ಪ್ರಬಲ ವಿಕಿರಣ ಮೂಲಗಳನ್ನು ಸಾಗಿಸುವ ಪೆಟ್ಟಿಗೆಯ ಮಾದರಿ 9 ಮೀಟರ್ ಎತ್ತರದಿಂದ ಬಿದ್ದರೂ, 800 ಡಿಗ್ರಿ ಬೆಂಕಿಯಲ್ಲಿ 30 ನಿಮಿಷ ಬೆಂದರೂ ಒಳಗಿನದನ್ನು ಕಾಪಾಡಬೇಕು. ಲಾರಿ ಮಗುಚಬಹುದು, ಬೆಂಕಿ ಹಿಡಿಯಬಹುದು ಎಂದು ಮೊದಲೇ ಎಣಿಸಿ ಆ ಪೆಟ್ಟಿಗೆಯನ್ನು ಮಾಡಿದ್ದಾರೆ. ಡ್ರೈವರನ ಅದೃಷ್ಟಕ್ಕೆ ಬಿಟ್ಟಿಲ್ಲ.

ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಳುಹಿಸುವವನಿಗೊಂದು, ವಾಹನದ ಮಾಲೀಕನಿಗೊಂದು, ಚಾಲಕನಿಗೊಂದು ಹೀಗೆ ಬೇರೆಬೇರೆ ಹೊಣೆಗಳನ್ನು ಹೇಳುತ್ತವೆ. ಕಳುಹಿಸುವವನು ಆ ಸರಕಿನ ಅಪಾಯವೇನು, ಸೋರಿದರೆ ಏನು ಮಾಡಬೇಕು ಎಂಬ ಪೂರ್ಣ ಮಾಹಿತಿಯನ್ನು ಕೊಡಬೇಕು. ಮಾಲೀಕನು ಅದನ್ನು ಚಾಲಕನಿಗೆ ಮುಟ್ಟಿಸಿ ಅವನು ಅರ್ಥಮಾಡಿಕೊಂಡದ್ದನ್ನು ಖಚಿತಪಡಿಸಿಕೊಳ್ಳಬೇಕು. ಚಾಲಕನು ಆ ಬರಹವನ್ನು ಕ್ಯಾಬಿನ್ನಿನಲ್ಲಿಟ್ಟುಕೊಳ್ಳಬೇಕು. ಓದಲು ಬರೆಯಲು ಬಾರದವನಿಗೆ ಅಂತಹ ವಾಹನ ಓಡಿಸುವ ಅನುಮತಿಯೇ ಇಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡಲು ಆದೇಶಿಸುವ ಸೂಕ್ತವೆಂಬುದನ್ನು ಇಲ್ಲಿ ನೆನೆಯೋಣ. ಹಣದ ಲೆಕ್ಕವನ್ನೇ ಬರೆದಿಡಬೇಕೆಂದ ಮೇಲೆ ಪ್ರಾಣದ ಲೆಕ್ಕವನ್ನು ಬರೆಯದೆ ಬಿಡುವುದೇ?

ಕಕ್ಕಿಂಜೆ ಪೇಟೆಯಲ್ಲಿ ನಿಂತರೆ ಉಜಿರೆಯ ಕಡೆಯಿಂದ ಚಾರ್ಮಾಡಿ ಘಾಟಿಗೆ ಏರುವ ವಾಹನಗಳು ಕಣ್ಣೆದುರೇ ಹೋಗುತ್ತವೆ. ಯಾವ ಲಾರಿಯ ಟರ್ಪಾಲಿನಡಿ ಏನಿದೆಯೆಂದು ದಾರಿ ಬದಿಯವನಿಗೆ ತಿಳಿಯದು. 2013ರ ಎಪ್ರಿಲ್ 9ರಂದು ನಮ್ಮ ನೆರೆಯ ಬಂಟ್ವಾಳ ತಾಲೂಕಿನ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ ಹೊತ್ತಿಕೊಂಡಾಗ ರಸ್ತೆ ಬದಿಯ ಮನೆಗಳಲ್ಲಿದ್ದವರೂ ಅದಕ್ಕೆ ಆಹುತಿಯಾದರು. ನಮ್ಮದೇ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಗೇರು ತೋಟಗಳ ಮೇಲೆ ವರ್ಷಗಳ ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿದಾಗ ಕೆಳಗೆ ಬಾವಿ ಇದೆ, ಬಸುರಿ ಹೆಂಗಸರಿದ್ದಾರೆ ಎಂದು ಚಿಂತಿಸಿದವರೆಷ್ಟು? 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿತು. ಆದರೆ ನಿಷೇಧದೊಂದಿಗೆ ವಿಷ ಕರಗಿಹೋಗಲಿಲ್ಲ. ಪಕ್ಕದ ಕಾಸರಗೋಡಿನ ಗೋದಾಮುಗಳಲ್ಲಿ ಉಳಿದಿದ್ದುದನ್ನು 2012ರಲ್ಲಿ ಹಳೆಯ ಬ್ಯಾರೆಲುಗಳಿಂದ ಹೊಸ ಡ್ರಮ್ಮುಗಳಿಗೆ ತುಂಬಬೇಕಾಯಿತು. ವಿಷವನ್ನು ತರುವುದು ಸುಲಭ, ಕಳುಹಿಸುವುದು ಕಷ್ಟ.

ಮೂರು ನೆಪಗಳು

ನಮಗೆ ತಿಳಿದಿರಲಿಲ್ಲ ಎಂಬುದು ಮೊದಲನೆಯ ನೆಪ. ದೆಹಲಿಯ ಯಂತ್ರವನ್ನು ಹರಾಜಿಗಿಟ್ಟವರಿಗೆ ಒಳಗೇನಿದೆಯೆಂಬುದರ ಅರಿವು ನಿಜಕ್ಕೂ ಇರಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ವೈದ್ಯ ತಿಳಿಯದೆ ವೈದ್ಯ ಮಾಡಿದವನು ಆದ ಹಾನಿಗೆ ಹೊಣೆಗಾರನೆಂಬುದು ಅಬೂದಾವೂದ್, ನಸಾಈಗಳಲ್ಲಿರುವ ಹದೀಸಿನ ಸಾರ. ಅಪಾಯದ ವಸ್ತುವನ್ನು ಇಟ್ಟುಕೊಂಡವನಿಗೆ ಅದರ ವಿಷಯ ತಿಳಿದುಕೊಳ್ಳುವುದೇ ಮೊದಲ ಕರ್ತವ್ಯ. ವಿಶ್ವವಿದ್ಯಾನಿಲಯವು ತಿಳಿಯುವುದಕ್ಕೆಂದೇ ಕಟ್ಟಿದ ಮನೆ. ಒಂದು ಕಾಲದಲ್ಲಿ ಆ ಕಟ್ಟಡದೊಳಗೆ ತಿಳಿದವರಿದ್ದರು. ಅವರ ತಿಳುವಳಿಕೆ ಹರಾಜಿನ ಪಟ್ಟಿಯವರೆಗೆ ತಲುಪಲಿಲ್ಲ, ಯಂತ್ರ ಮಾತ್ರ ಉಳಿಯಿತು. ವಸಿಯ್ಯತ್ತು ಬರೆಯಬೇಕಾದದ್ದಿರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂಬ ಪ್ರವಾದಿವಚನವನ್ನು ನಾವು ಆಸ್ತಿಗೆ ಮಾತ್ರ ಅನ್ವಯಿಸುತ್ತೇವೆ. ತನ್ನ ಬಳಿಕ ಬರುವವನಿಗೆ ಅಪಾಯದ ಸುದ್ದಿಯನ್ನು ಬರೆದಿಡುವುದೂ ಅದೇ ಪ್ರಜ್ಞೆಯ ಭಾಗವಲ್ಲವೇ?

ಎರಡನೆಯ ನೆಪ, ಅದು ಹಳೆಯದು, ಸತ್ತುಹೋಗಿದೆ ಎಂಬುದು. ಕೋಬಾಲ್ಟ್-60ರ ಶಕ್ತಿ ಸುಮಾರು 5 ಕಾಲು ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಮೂಲೆಯಲ್ಲಿ ಬಿದ್ದಿದ್ದ ಆ 25 ವರ್ಷಗಳಲ್ಲಿ ಅದು 27ರಲ್ಲೊಂದು ಪಾಲಿಗೆ ಇಳಿದಿರಬೇಕು. ಉಳಿದ ಆ ಒಂದು ಪಾಲು ಒಬ್ಬನ ಪ್ರಾಣ ತೆಗೆಯಲು ಸಾಕಾಯಿತು. ಮರೆತ ಮಾತ್ರಕ್ಕೆ ಯಾವ ಕೆಡುಕೂ ಸಾಯುವುದಿಲ್ಲ. ನಮ್ಮ ಪಾಪಗಳ ವಿಷಯದಲ್ಲಿಯೂ ಇದು ಸತ್ಯ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ, ಏಕೆಂದರೆ ಅದು ಭಕ್ತಿಯ ವೇಷದಲ್ಲಿ ಬರುತ್ತದೆ: ಎಲ್ಲವೂ ಅಲ್ಲಾಹನ ವಿಧಿ. ಮಗುವಿನ ಬಾಯಿ ಸುಟ್ಟಾಗಲೂ ಜನರು ಹೀಗೆಯೇ ಹೇಳಿದರು. ನಾನೂ ತಲೆಯಾಡಿಸಿದೆ, ಅದರಿಂದ ನನಗೆ ಸಮಾಧಾನ ದೊರೆಯಿತು. ವಿಧಿಯಲ್ಲಿ ನಮಗೆ ಪೂರ್ಣ ವಿಶ್ವಾಸವಿದೆ. ಆದರೆ ಸಿರಿಯಾದಲ್ಲಿ ಪ್ಲೇಗ್ ಹರಡಿದ ಸುದ್ದಿ ಕೇಳಿ ಖಲೀಫಾ ಉಮರ್(ರ) ದಾರಿಯಿಂದಲೇ ಹಿಂತಿರುಗಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಃ(ರ) ಕೇಳಿದರು. ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ ಹೋಗುತ್ತಿದ್ದೇವೆಂಬುದು ಉಮರ್(ರ)ರವರ ಉತ್ತರದ ತಿರುಳು. ವಿಧಿಯ ಮಾತು ನೊಂದವನಿಗೆ ಸಾಂತ್ವನ. ತಪ್ಪಿದವನಿಗೆ ಅದು ನೆಪವಾಗಬಾರದು. ಮಗುವಿನ ತಾಯಿ ಆ ಮಾತನ್ನು ಹೇಳಿದರೆ ಅದು ಸಹನೆ. ನಾನು ಹೇಳಿದರೆ ತಪ್ಪಿಸಿಕೊಳ್ಳುವಿಕೆ.

ಅಮಾನತ್ತು ಅರ್ಹರಿಗೆ

ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಸೂರಃ ಅನ್ನಿಸಾದಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ಅಲ್ಲಿರುವ ಅಹ್ಲ್ ಎಂಬ ಪದಕ್ಕೆ ಒಡೆಯನೆಂಬ ಅರ್ಥದ ಜತೆಗೆ ಅರ್ಹನೆಂಬ ಅರ್ಥವೂ ಇದೆ. ಕೆಲಸವನ್ನು ಅನರ್ಹರಿಗೆ ವಹಿಸಿಕೊಟ್ಟಾಗ ಅಂತ್ಯದಿನವನ್ನು ನಿರೀಕ್ಷಿಸಬೇಕೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದಲ್ಲಿಯೂ ಇದೇ ಪದ ಬಂದಿದೆ. ವಿಕಿರಣ ಮೂಲವನ್ನು ಅಣುಶಕ್ತಿ ಮಂಡಳಿಯ ಅನುಮತಿಯೊಂದಿಗೆ ಅದನ್ನು ನಿಭಾಯಿಸಬಲ್ಲವರಿಗೇ ಒಪ್ಪಿಸಬೇಕಿತ್ತು, ಗುಜರಿಯವನಿಗೆ ಒಪ್ಪಿಸಲಾಯಿತು. ಆಸಿಡನ್ನು ದೊಡ್ಡವರ ಕೈಗೆ ಒಪ್ಪಿಸಬೇಕಿತ್ತು. ಹತ್ತು ವರ್ಷದ ಹುಡುಗನ ಚೀಲಕ್ಕೆ ಹಾಕಲಾಯಿತು. ಎರಡರ ಅಳತೆ ಬೇರೆ, ತಪ್ಪು ಒಂದೇ.

ನಮ್ಮ ಮನೆಗಳನ್ನೇ ಒಮ್ಮೆ ನೋಡಿಕೊಳ್ಳೋಣ. ಅಡಿಕೆಗೆ ಹೊಡೆಯುವ ಮೈಲುತುತ್ತು, ಹುಲ್ಲು ಸಾಯಿಸುವ ಮದ್ದು, ಕಕ್ಕಸು ತೊಳೆಯುವ ಆಸಿಡ್, ರಬ್ಬರಿನ ಆಸಿಡ್ ಎಲ್ಲೆಲ್ಲಿವೆ? ಕುಡಿಯುವ ನೀರಿನ, ಪಾನೀಯದ ಬಾಟಲಿಯಲ್ಲಿ ಅವುಗಳನ್ನು ಎಂದಿಗೂ ತುಂಬಬಾರದು. ಬಂದ ಡಬ್ಬದಲ್ಲಿಯೇ ಇರಲಿ, ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿರಲಿ, ಮಕ್ಕಳ ಕೈಯಲ್ಲಿ ಕಳುಹಿಸುವುದು ಬೇಡ. ಆಸಿಡ್ ಮೈಗೆ ತಾಗಿದರೆ ಧಾರಾಳ ನೀರಿನಿಂದ ತೊಳೆಯುತ್ತಲೇ ಇರಬೇಕು; ನುಂಗಿದವರಿಗೆ ವಾಂತಿ ಮಾಡಿಸಬಾರದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಗುಜರಿಯ ಸಹೋದರರು ಆಸ್ಪತ್ರೆ, ಕಾಲೇಜು, ಕಾರ್ಖಾನೆಗಳಿಂದ ಬಂದ ಅಸಾಧಾರಣ ಭಾರದ ಸೀಸದ ಪೆಟ್ಟಿಗೆಯನ್ನು, ಮೂರು ಎಸಳಿನ ವಿಕಿರಣ ಗುರುತು ಇರುವುದನ್ನು ಬಿಚ್ಚದೆ ಪೊಲೀಸರಿಗೆ ತಿಳಿಸಬೇಕು. ಕಾಲೇಜಿನ ಪ್ರಯೋಗಾಲಯಗಳಲ್ಲಿ ಕಲಿಯುವ ನಮ್ಮ ಮಕ್ಕಳು ಬಾಟಲಿಯ ಹೆಸರುಪಟ್ಟಿಯನ್ನು ಬರೆಯುವುದೂ ಒಂದು ಇಬಾದತ್ತೆಂದು ತಿಳಿಯಲಿ. ದಾರಿಯಿಂದ ತೊಂದರೆಯನ್ನು ನೀಗಿಸುವುದು ಈಮಾನಿನ ಶಾಖೆಯಾಗಿರುವಾಗ, ತೊಂದರೆಯನ್ನು ದಾರಿಗೆ ಬಿಡದಿರುವುದು ಅದಕ್ಕಿಂತ ಕಡಿಮೆಯೇ?

ಆ ಹುಡುಗಿ ಈಗ ಬೆಳೆದಿದ್ದಾಳೆ. ಖಾರ ತಿನ್ನಲು ಇಂದಿಗೂ ಕಷ್ಟವೆಂದು ಕೇಳಿದೆ. ಬಹಳ ತಡವಾಗಿಯಾದರೂ ನಾನು ಅವಳ ತಂದೆಯ ಬಳಿ ಹೋಗಿ ಅಂದಿನ ಬೆಳಗಿನ ಸಂಗತಿಯನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಸ್ತಾದ್, ನೀವು ಅಂದೇ ಹೇಳಬೇಕಿತ್ತು" ಎಂದರು. ಅದಕ್ಕಿಂತ ಹೆಚ್ಚು ಏನನ್ನೂ ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನಮ್ಮ ಕೈಯಲ್ಲಿರುವುದಕ್ಕೂ ಕೈದಾಟಿ ಹೋದುದಕ್ಕೂ ಲೆಕ್ಕ ಕೊಡಬೇಕಾದ ದಿನವೊಂದಿದೆ. ಆ ದಿನದ ಮೊದಲು ಹೇಳಬೇಕಾದುದನ್ನು ಹೇಳುವ ಬಾಯಿಯನ್ನೂ, ಎದ್ದು ಹಿಂದೆ ಓಡುವ ಕಾಲುಗಳನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.